ಹಳ್ಳಿಯ ಚರ್ಚು ಯಾರ ಸ್ವತ್ತು? ಮೊಂತಾಯು ಎಂಬ ಊರು ಹೇಳುವ ಕಥೆ

ಪ್ರಶ್ನೆ: ಮಧ್ಯಯುಗದ ಫ್ರಾನ್ಸ್ ಎಂದಾಕ್ಷಣ ಪ್ಯಾರಿಸ್, ಶಾರ್ತ್ರ್‌ನಂಥ ಊರುಗಳ ಭವ್ಯ ಕಥೀಡ್ರಲ್‌ಗಳ ಮಾತೇ ಬರುತ್ತದೆ. ಆದರೆ ಆ ಕಾಲದ ಬಹುಪಾಲು ಜನ ಬದುಕಿದ್ದು ಹಳ್ಳಿಗಳಲ್ಲಿ. ಅಂಥ ಒಂದು ಹಳ್ಳಿಯಲ್ಲಿ ಚರ್ಚು ನಿಜಕ್ಕೂ ಯಾರದ್ದಾಗಿತ್ತು? ಬಿಷಪನದ್ದೋ, ಜಮೀನ್ದಾರನದ್ದೋ, ಊರಿನವರದ್ದೋ? ಹಳ್ಳಿಯವರೆಲ್ಲ ಶ್ರದ್ಧಾವಂತರೇ ಆಗಿದ್ದರೇ? ಓದುಬರಹ ಬಾರದ ಜನರ ಮನಸ್ಸಿನಲ್ಲಿ ಏನಿತ್ತೆಂದು ಇಂದು ನಮಗೆ ತಿಳಿಯುವುದಾದರೂ ಹೇಗೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಏಳು ನೂರು ವರ್ಷಗಳ ಹಿಂದೆಯೇ ಒಬ್ಬ ರೈತ ಎತ್ತಿದ್ದ. ಅವನ ಹೆಸರು ರೇಮೋಂ ದ ಲಾಬುರಾ. ಊರು ಕಿಯೇ, ದಕ್ಷಿಣ ಫ್ರಾನ್ಸಿನಲ್ಲಿ ಪಿರನೀಸ್ ಪರ್ವತದ ಮಗ್ಗುಲಿನಲ್ಲಿದೆ. ಸಾಕುಪ್ರಾಣಿಗಳ ಮೇಲಿನ ದಶಮಾಂಶವನ್ನು, ಅಂದರೆ ಚರ್ಚಿಗೆ ಸಲ್ಲಬೇಕಾದ ಹತ್ತರಲ್ಲೊಂದು ಪಾಲನ್ನು, ಕೊಡದವರನ್ನು ಬಿಷಪನ ಕಡೆಯವರು ಬಹಿಷ್ಕರಿಸಿ ಚರ್ಚಿನ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಆಗ ಅವನು ಆಡಿದ ಮಾತಿನ ಸಾರ ಹೀಗಿದೆ: ಈ ಚರ್ಚನ್ನು ಕಟ್ಟಿದವರು ನಾವು, ಗಂಟೆ ನಮ್ಮದು, ಒಳಗೆ ಬೇಕಾದ ಸಾಮಾನನ್ನೆಲ್ಲ ಕೊಂಡು ತಂದು ಇಟ್ಟವರು ನಾವು, ಕೆಟ್ಟಾಗ ದುರಸ್ತಿ ಮಾಡಿಸುವವರೂ ನಾವು; ನಮ್ಮದೇ ಚರ್ಚಿನಿಂದ ನಮ್ಮನ್ನು ಅಟ್ಟಿ ಮಳೆಯಲ್ಲಿ ನಿಲ್ಲಿಸುವ ಬಿಷಪನಿಗೂ ಪಾದ್ರಿಗಳಿಗೂ ಕೇಡಾಗಲಿ. ಬಯಲಿನಲ್ಲೇ ಪೂಜೆ ನಡೆದರೆ ಬಹಿಷ್ಕೃತರೂ ನಿಂತು ಕೇಳಬಹುದಲ್ಲ ಎಂಬುದು ಅವನ ಆಸೆ. ಬೆಟ್ಟದ ಕಣಿವೆದಾರಿಯಲ್ಲಿ ಬಿಷಪ್ ಒಬ್ಬನೇ ಸಿಕ್ಕಿದರೆ ಈ ದಶಮಾಂಶದ ವ್ಯಾಜ್ಯವನ್ನು ಅಲ್ಲೇ ತೀರಿಸಿ, ಅವನ ಹೊಟ್ಟೆಯೊಳಗೆ ಏನಿದೆ ಎಂದು ನೋಡಿಬಿಡುತ್ತೇನೆ ಎಂದೂ ಅವನು ಅಂದಿದ್ದ.

ಈ ಮಾತನ್ನು ಚೆನ್ನಾಗಿ ಗಮನಿಸಿ. ಲಾಬುರಾ ಪೂಜೆ ಬೇಡ ಎನ್ನುತ್ತಿಲ್ಲ. ಪೂಜೆ ತನಗೆ ಸಿಗುತ್ತಿಲ್ಲ ಎಂದು ಅವನಿಗೆ ಸಿಟ್ಟು. ಹಳ್ಳಿಯ ಚರ್ಚಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಅಲ್ಲಿ ನಂಬಿಕೆ ಮತ್ತು ಹಕ್ಕು ಬೇರೆ ಬೇರೆ ದಾರಿ ಹಿಡಿಯುತ್ತವೆ. ಪಾದ್ರಿಯ ಮೇಲೆ ಎಳ್ಳಷ್ಟೂ ಗೌರವವಿಲ್ಲದವನು, ಅವನ ಬೋಧನೆಯೇ ಸುಳ್ಳೆಂದು ತಿಳಿದವನು ಕೂಡ ಚರ್ಚಿನ ನೆಲದ ಮೇಲಿನ ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ.

ಕಾನೂನಿನ ಲೆಕ್ಕವನ್ನು ಮೊದಲು ಬೇಗ ಮುಗಿಸಿಬಿಡೋಣ. 779ರಲ್ಲಿ ಷಾರ್ಲಮೇನ್ ದೊರೆ ದಶಮಾಂಶವನ್ನು ಕಡ್ಡಾಯ ಮಾಡಿದ. ಬೆಳೆದುದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಸಲ್ಲಬೇಕು. ಆದರೆ ಹಳ್ಳಿಯ ಚರ್ಚನ್ನು ಕಟ್ಟಿಸಿದವನು ಸಾಮಾನ್ಯವಾಗಿ ಅಲ್ಲಿನ ಒಡೆಯನೇ ಆಗಿದ್ದುದರಿಂದ ಆ ವರಮಾನ ಅವನ ಕಣಜಕ್ಕೇ ಹೋಗುತ್ತಿತ್ತು. ಹಿಟ್ಟಿನ ಗಿರಣಿ, ದ್ರಾಕ್ಷಿ ತೋಟಗಳ ಜೊತೆಗೆ ಚರ್ಚೂ ಮಾರಾಟವಾಗುತ್ತಿತ್ತು, ಮಕ್ಕಳಿಗೆ ಪಾಲಾಗುತ್ತಿತ್ತು. ಪಾದ್ರಿಯನ್ನು ನೇಮಿಸುತ್ತಿದ್ದವನೂ ಒಡೆಯನೇ. 11ನೇ ಶತಮಾನದ ಸುಧಾರಣೆಯ ಅಲೆ ಎದ್ದ ಮೇಲೆ ಗೃಹಸ್ಥರ ಕೈಯಲ್ಲಿ ಚರ್ಚು ಇರುವುದು ಪಾಪವೆಂಬ ಅಭಿಪ್ರಾಯ ಬಲವಾಯಿತು. ಒಡೆಯರು ಒಬ್ಬೊಬ್ಬರಾಗಿ ಅವನ್ನು ಮಠಗಳಿಗೂ ಬಿಷಪರಿಗೂ ಬಿಟ್ಟುಕೊಟ್ಟರು. ಊರಿನವರ ಕೈಗಂತೂ ಕೊಡಲಿಲ್ಲ. ಆದರೂ ಖರ್ಚಿನಲ್ಲಿ ಮಾತ್ರ ಊರಿನವರಿಗೆ ಪಾಲು ಬಂತು. ಬಲಿಪೀಠವಿರುವ ಭಾಗವನ್ನು ದಶಮಾಂಶ ತಿನ್ನುವವರು ನೋಡಿಕೊಳ್ಳಬೇಕು, ಜನ ನಿಲ್ಲುವ ಭಾಗವನ್ನು ಜನರೇ ದುರಸ್ತಿ ಮಾಡಿಸಬೇಕು ಎಂಬ ರೂಢಿ ನೆಲೆಗೊಂಡಿತು. ಲಾಬುರಾನ ವಾದಕ್ಕೆ ಆಧಾರ ಇದೇ.

ಚರ್ಚು ಎಂದರೆ ಬರೀ ಕಟ್ಟಡವೂ ಅಲ್ಲ. ಪಿರನೀಸ್‌ನ ಪೂರ್ವ ಭಾಗದಲ್ಲಿ, ರೂಸಿಯೋಂ ಮತ್ತು ಕ್ಯಾಟಲೋನಿಯಾದಲ್ಲಿ, 11ನೇ ಶತಮಾನದಿಂದ ಚರ್ಚಿನ ಸುತ್ತ 30 ಹೆಜ್ಜೆ ದೂರದವರೆಗಿನ ನೆಲ ಪವಿತ್ರ ವಲಯ ಎನಿಸಿಕೊಂಡಿತು. ಅಲ್ಲಿ ಲೂಟಿ, ಹೊಡೆದಾಟ ಮಾಡಿದವನಿಗೆ ಬಹಿಷ್ಕಾರ. ಹೀಗಾಗಿ ಸತ್ತವರನ್ನು ಹೂಳುವ ಆ ಜಾಗದಲ್ಲೇ ಬದುಕಿದವರು ಕಾಳುಕಡಿ ಕೂಡಿಡುವ ಕೊಠಡಿಗಳನ್ನು ಕಟ್ಟಿಕೊಂಡರು, ಕೆಲವೆಡೆ ಮನೆಗಳೂ ಎದ್ದವು. ಎಷ್ಟೋ ಊರುಗಳು ಹುಟ್ಟಿದ್ದೇ ಹೀಗೆ, ಸಮಾಧಿಗಳ ನಡುವೆ.

ಇನ್ನು ಸಂಖ್ಯೆ. 1328ರಲ್ಲಿ ಫ್ರಾನ್ಸಿನ ರಾಜನ ಅಧಿಕಾರಿಗಳು ತೆರಿಗೆಗಾಗಿ ಮಾಡಿದ ಎಣಿಕೆಯಲ್ಲಿ 23,671 ಪ್ಯಾರಿಷ್‌ಗಳೂ 24,69,987 ಒಲೆಗಳೂ ದಾಖಲಾಗಿವೆ (ಪ್ಯಾರಿಷ್ ಎಂದರೆ ಒಂದು ಚರ್ಚಿಗೂ ಅದರ ಪಾದ್ರಿಗೂ ಸೇರಿದ ಊರು, ಒಲೆ ಎಂದರೆ ಒಂದು ಮನೆ). ಇದು ರಾಜನ ನೇರ ಆಳ್ವಿಕೆಯ ಭಾಗದ ಲೆಕ್ಕ ಮಾತ್ರ, ದೊಡ್ಡ ಸಾಮಂತರ ಸೀಮೆಗಳು ಇದರಲ್ಲಿ ಸೇರಿಲ್ಲ. ಇಷ್ಟೊಂದು ಪ್ಯಾರಿಷ್‌ಗಳಲ್ಲಿ ಬಹುತೇಕ ಎಲ್ಲವೂ ನಮಗೆ ಒಂದು ಹೆಸರು, ಒಂದು ಮೊತ್ತ, ಅಷ್ಟೇ. ಒಂದೇ ಒಂದು ಪ್ಯಾರಿಷ್ ಮಾತ್ರ ಮಾತಾಡುತ್ತದೆ, ಅದೂ ಸಾಮಂತನ ಸೀಮೆಯೊಂದರಲ್ಲಿದ್ದ ಊರು. ಅದಕ್ಕೇ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ.

ಊರಿನ ಹೆಸರು ಮೊಂತಾಯು. ಕಿಯೇಯಂತೆ ಇದೂ ಫ್ವಾ ಕೌಂಟ್ ಎಂಬ ಸಾಮಂತನ ಸೀಮೆಯಲ್ಲಿತ್ತು, ಇಂದಿನ ಅರಿಯೇಜ್ ಜಿಲ್ಲೆಗೆ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದ ಪ್ರಸ್ಥಭೂಮಿ, ಕಡು ಚಳಿ, ಕುರಿಗಳೇ ಆಸ್ತಿ. 1300ರ ಸುಮಾರಿನಲ್ಲಿ ಅಲ್ಲಿ 200ರಿಂದ 250 ಜನರಿದ್ದರು. ಗುಡ್ಡದ ನೆತ್ತಿಯಲ್ಲಿ ಕೋಟೆ, ಇಳಿಜಾರಿನಲ್ಲಿ ಮನೆಗಳು, ಊರಿನಿಂದ ಕೆಳಗೆ ಸ್ವಲ್ಪ ಪ್ರತ್ಯೇಕವಾಗಿ ಮರಿಯಮ್ಮನ ಚರ್ಚು. ಅದನ್ನು ನೋತ್ರ್ ದಾಮ್ ದ ಕಾರ್ನೆಸ್ ಎನ್ನುತ್ತಾರೆ. ರೊಮನೆಸ್ಕ್ ಕಾಲದ ಚಿಕ್ಕ ಕಲ್ಲಿನ ಕಟ್ಟಡ, ಇಂದಿಗೂ ನಿಂತಿದೆ. ಕೋಟೆಯಲ್ಲಿ ಉಳಿದಿರುವುದು ಮುರುಕು ಗೋಡೆ.

ಈ ಊರು ಇತಿಹಾಸಕ್ಕೆ ಸಿಕ್ಕಿದ್ದು ಅದರ ದುರದೃಷ್ಟದಿಂದ. 1299ರಲ್ಲಿ ಪಕ್ಕದ ಆಕ್ಸ್ ಪಟ್ಟಣದ ನೋಟರಿ ಪಿಯೆರ್ ಓತಿಯೇ ಮತ್ತು ಅವನ ತಮ್ಮ ಗಿಯೋಮ್ ಇಟಲಿಯ ಲೊಂಬಾರ್ಡಿಯಲ್ಲಿ ಕಥಾರ್ ಪಂಥದ ದೀಕ್ಷೆ ಪಡೆದು ಹಿಂತಿರುಗಿದರು. ಚರ್ಚು ಇದನ್ನು ಪಾಷಂಡ ಮತವೆಂದು ಸಾರಿ, ಹಿಂದಿನ ಶತಮಾನದಲ್ಲಿ ಯುದ್ಧ ಮಾಡಿಯೇ ಅಡಗಿಸಿತ್ತು. ಕಣ್ಣಿಗೆ ಕಾಣುವ ಈ ಜಗತ್ತು ಕೆಡುಕಿನ ಸೃಷ್ಟಿ, ದೇವರು ಇದನ್ನು ಮಾಡಿಲ್ಲ. ಆದ್ದರಿಂದ ನೀರಿನ ದೀಕ್ಷಾಸ್ನಾನ, ರೊಟ್ಟಿಯ ಪ್ರಸಾದ, ಕಲ್ಲಿನ ಚರ್ಚು ಯಾವುದರಿಂದಲೂ ಆತ್ಮಕ್ಕೆ ಬಿಡುಗಡೆ ಇಲ್ಲ ಎನ್ನುವುದು ಆ ಪಂಥದ ತಿರುಳು. ಮಾಂಸ ತಿನ್ನದ, ಹೆಣ್ಣನ್ನು ಮುಟ್ಟದ ಅದರ ಸಾಧಕರನ್ನು ಜನ ಸಜ್ಜನರು ಎಂದು ಕರೆಯುತ್ತಿದ್ದರು. ಸಾಯುವ ಹೊತ್ತಿಗೆ ಅವರು ತಲೆಯ ಮೇಲೆ ಕೈಯಿಟ್ಟು ಹರಸಿದರೆ ಮೋಕ್ಷ. ಈ ಸಜ್ಜನರು ರಾತ್ರಿ ಹೊತ್ತು ಊರೂರು ಸುತ್ತಿದರು. ಮೊಂತಾಯುವಿನಷ್ಟು ಆದರದಿಂದ ಅವರನ್ನು ಬರಮಾಡಿಕೊಂಡ ಊರು ವಿರಳ.

ಸುದ್ದಿ ಹೊರಬಿತ್ತು. 1308ರಲ್ಲಿ ಕಾರ್ಕಾಸೋನ್‌ನ ಧರ್ಮವಿಚಾರಕ, ಅಂದರೆ ಪಾಷಂಡಿಗಳನ್ನು ಹಿಡಿದು ವಿಚಾರಿಸುವ ಅಧಿಕಾರಿ, ಜ್ಯೋಫ್ರುವಾ ದಾಬ್ಲಿಯ ಕಡೆಯವರು ಊರಿಗೆ ನುಗ್ಗಿ ವಯಸ್ಕರೆಲ್ಲರನ್ನೂ ಹಿಡಿದು ಹಾಕಿದರು. 1310ರಲ್ಲಿ ತುಲೂಜ್ ನಗರದಲ್ಲಿ ಪಿಯೆರ್ ಓತಿಯೇಯನ್ನು ಸುಟ್ಟರು. ಕೆಲವು ವರ್ಷಗಳ ನಂತರ ಇನ್ನೊಬ್ಬ ಬಂದ, ಅವನೇ ಪಾಮ್ಯೇ ಧರ್ಮಪ್ರಾಂತ್ಯದ ಬಿಷಪ್ ಜಾಕ್ ಫೂರ್ನಿಯೇ. ಹಳ್ಳಿಗರ ಆಡುನುಡಿಯನ್ನು ಬಲ್ಲ ಸ್ಥಳೀಯ ಮನುಷ್ಯ, ಸನ್ಯಾಸಿ, ಮಹಾ ತಾಳ್ಮೆಯವನು. 1318ರಿಂದ 1325ರವರೆಗೆ ಅವನ ನ್ಯಾಯಪೀಠ 370 ದಿನ ಕುಳಿತು, 98 ಪ್ರಕರಣಗಳಲ್ಲಿ 578 ಬಾರಿ ವಿಚಾರಣೆ ನಡೆಸಿತು. ಆರೋಪಿಗಳಲ್ಲಿ 25 ಮಂದಿ ಮೊಂತಾಯುವಿನವರು. ಅವರು ಆಕ್ಸಿಟನ್ ನುಡಿಯಲ್ಲಿ ಹೇಳಿದ್ದನ್ನು ಲಿಪಿಕಾರರು ಲ್ಯಾಟಿನ್ನಿಗೆ ಇಳಿಸಿದರು. ಫೂರ್ನಿಯೇ 1334ರಲ್ಲಿ 12ನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ. ಅವಿನ್ಯೋಂ ನಗರದ ಪೋಪ್ ಅರಮನೆಯ ಹಳೆಯ ಭಾಗವನ್ನು ಕಟ್ಟಿಸಿದವನು ಇವನೇ. ಅವನ ವಿಚಾರಣೆಯ ದಾಖಲೆ ಉಳಿದು ಇಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಅವನು ಪೋಪ್ ಆಗದಿದ್ದರೆ ಆ ಹಾಳೆಗಳು ಉಳಿಯುತ್ತಿದ್ದವೋ ಇಲ್ಲವೋ.

ಲಾಬುರಾ ಬೈದದ್ದೂ ಈ ಬಿಷಪನನ್ನೇ. ಹಿಂದಿನವರು ಕೈಯಿಡದ ಚೀಸ್, ಟರ್ನಿಪ್‌ಗಳ ಮೇಲೂ ದಶಮಾಂಶ ಹೇರಿದವನು ಫೂರ್ನಿಯೇ. ಕುರಿಮರಿಗಳ ಪಾಲನ್ನಂತೂ ಬಿಡಲೇ ಇಲ್ಲ. ಮಲೆಯ ಜನರಿಗೆ ಇದು ಹೊಟ್ಟೆಯ ಮೇಲೆ ಹೊಡೆದ ಹಾಗಾಯಿತು. ಕಿಯೇ ಊರಿನಲ್ಲಿ ಈಸ್ಟರ್‌ಗೆ 20 ಪೌಂಡ್ ತೂಕದ ಪಾಸ್ಕ ಮೇಣದ ಬತ್ತಿ ಮಾಡಿಸಿಕೊಡಬೇಕೆಂದು ಪಾದ್ರಿ ಕೇಳಿದಾಗ ಕೆಲವರು, ಕಾಲು ಪೌಂಡಿನದು ಮಾಡುತ್ತೇವೆ, ಅದೂ ಮೇಣದ್ದಲ್ಲ, ಪ್ರಾಣಿಯ ಕೊಬ್ಬಿನದು ಎಂದರು. ಬತ್ತಿ ಬೇಡವೆಂದು ಯಾರೂ ಅನ್ನಲಿಲ್ಲ, ಅದರ ತೂಕದ ಬಗ್ಗೆ ಜಗಳ. ಇಂಥ ಜಗಳಗಳೇ ಹಳ್ಳಿಯ ಧಾರ್ಮಿಕ ಬದುಕಿನ ಬಹುಭಾಗ ಎಂದು ನಾನು ತಿಳಿಯುತ್ತೇನೆ. ದೊಡ್ಡ ದೊಡ್ಡ ಸಿದ್ಧಾಂತಗಳನ್ನು ಹುಡುಕುತ್ತ ಹೋಗುವವರು ಇವನ್ನು ದಾಟಿ ಹೋಗಿಬಿಡುತ್ತಾರೆ.

ಈಗ ಮೊಂತಾಯುವಿನ ಪಾದ್ರಿಯ ವಿಷಯ. ಪಿಯೆರ್ ಕ್ಲೆರ್ಗ್ ಅದೇ ಊರಿನವನು, ಊರಿನ ಅತ್ಯಂತ ಬಲಾಢ್ಯ ಮನೆತನದ ಮಗ. ಅಣ್ಣತಮ್ಮಂದಿರಲ್ಲಿ ಬೆರ್ನಾರ್ ಎಂಬವನು ಫ್ವಾ ಕೌಂಟನ ಪರವಾಗಿ ಊರಿನ ಅಮಲ್ದಾರಿಕೆ ನಡೆಸುತ್ತಿದ್ದ. ಕಂದಾಯ ವಸೂಲಿ, ಸಣ್ಣಪುಟ್ಟ ನ್ಯಾಯ, ಹಿಡಿಯುವುದು, ಬಿಡುವುದು ಎಲ್ಲ ಅವನ ಕೈಯಲ್ಲಿ. ಬಲಿಪೀಠ ಒಬ್ಬ ಸಹೋದರನದು, ಕೋಲು ಇನ್ನೊಬ್ಬನದು. ದಶಮಾಂಶದ ವಸೂಲಿಯೂ ಇದೇ ಮನೆಯ ಹಿಡಿತದಲ್ಲಿತ್ತು. ಅದರಲ್ಲಿ ಒಂದಷ್ಟು ಗುಟ್ಟಾಗಿ ಸಜ್ಜನರಿಗೆ ಸಲ್ಲುತ್ತಿತ್ತು. ಏಕೆಂದರೆ ಪಾದ್ರಿಯೂ ಅವನ ಮನೆಯವರೂ ಒಳಗೊಳಗೇ ಕಥಾರರ ಪಕ್ಷ. ಬಿಷಪನಿಗೆಂದು ಎತ್ತಿದ ಕಾಳು ಬಿಷಪನ ವೈರಿಗಳ ಹೊಟ್ಟೆ ಸೇರುತ್ತಿತ್ತು. ಕೊಡುವ ರೈತನಿಗೆ ಮಾತ್ರ ಹೊರೆ ಅಷ್ಟೇ.

ಈ ಮನೆಯಲ್ಲಿ ನಡೆದ ಎರಡು ಸಾವುಗಳನ್ನು ಹತ್ತಿರದಿಂದ ನೋಡಬೇಕು. ಮೊದಲು ತಂದೆ ಪೋನ್ಸ್ ಕ್ಲೆರ್ಗ್ ತೀರಿಕೊಂಡ. ಸುತ್ತಲ ಸೀಮೆಯ ಜನ ಮನೆಗೆ ಬಂದು ತುಂಬಿದರು. ಹೆಣವನ್ನು ಅಡುಗೆಮನೆಯಲ್ಲಿ ಮಲಗಿಸಿದ್ದರು. ಆ ಸೀಮೆಯಲ್ಲಿ ಅಡುಗೆಮನೆಯೆಂದರೆ ಮನೆಯ ಹೃದಯ, ಒಲೆಯ ಬೆಂಕಿ ಆರದಂತೆ ಕಾಯುವ ಕೋಣೆ. ಪಾದ್ರಿ ಎಲ್ಲರನ್ನೂ ಹೊರಗೆ ಕಳಿಸಿ ಅಲಝಾಯಿಸ್ ಅಝೇಮಾ, ಬ್ರೂನ್ ಪೂರ್ಸೆಲ್ ಎಂಬ ಇಬ್ಬರು ಹೆಂಗಸರನ್ನು ಮಾತ್ರ ಉಳಿಸಿಕೊಂಡ. ಅವರು ಸತ್ತವನ ಕೂದಲನ್ನೂ ಕೈಕಾಲಿನ ಉಗುರುಗಳನ್ನೂ ಸ್ವಲ್ಪ ಕತ್ತರಿಸಿ ಇಟ್ಟುಕೊಂಡರು. ಮನೆಯ ಭಾಗ್ಯ ಹೆಣದ ಜೊತೆ ಹೊರಟುಹೋಗದೆ ಮನೆಯಲ್ಲೇ ನಿಲ್ಲಲಿ ಎಂದು. ಬಿಷಪನ ಮುಂದೆ ಇದನ್ನು ಹೇಳಿದವಳು ಊರಿನ ಇನ್ನೊಬ್ಬ ಹೆಂಗಸು ಫಾಬ್ರಿಸ್ ರೀವ್. ಇದರಲ್ಲಿ ಚರ್ಚಿನ ಬೋಧನೆಯೂ ಇಲ್ಲ, ಕಥಾರರ ಬೋಧನೆಯೂ ಇಲ್ಲ. ದೇಹವೇ ಸೈತಾನನದೆಂದು ಹೇಳುವ ಪಂಥದ ಬೆಂಬಲಿಗ ಉಗುರಿನ ಚೂರನ್ನು ಕಾಪಿಡುತ್ತಿದ್ದಾನೆ.

ಆಮೇಲೆ ತಾಯಿ ಮೆಂಗಾರ್ದ್ ಸತ್ತಳು. ಸೆರೆಯಲ್ಲಿದ್ದ ಕಥಾರರಿಗೆ ನೆರವು ಕಳಿಸುತ್ತಿದ್ದವಳು ಅವಳು. ಅವಳನ್ನು ಹೂಳಿದ್ದು ಎಲ್ಲಿ ಗೊತ್ತೇ? ಕಾರ್ನೆಸ್ ಚರ್ಚಿನ ಒಳಗೆ, ಮರಿಯಮ್ಮನ ಬಲಿಪೀಠದ ಬಳಿ, ಅದರ ಅಡಿಯಲ್ಲೇ ಎನ್ನುವಷ್ಟು ಹತ್ತಿರ. ಉಳಿದವರೆಲ್ಲ ಹೊರಗಿನ ಸ್ಮಶಾನದ ಮಣ್ಣಿಗೆ ಹೋಗಬೇಕಾದ ಊರಿನಲ್ಲಿ ಇದಕ್ಕಿಂತ ದೊಡ್ಡ ಗೌರವ ಬೇರೊಂದಿರಲಿಲ್ಲ.

ಈ ಮಗನಿಗೆ ಚರ್ಚಿನ ಪಾವಿತ್ರ್ಯದಲ್ಲಿ ಎಷ್ಟು ನಂಬಿಕೆಯಿತ್ತೆಂದು ನಮಗೆ ಗೊತ್ತು. ಕೋಟೆಯ ಅಧಿಕಾರಿ ಬೆರಾಂಜೇ ದ ರೋಕ್‌ಫೋರ್‌ನ ವಿಧವೆ ಬಿಯಾತ್ರಿಸ್ ದ ಪ್ಲಾನಿಸೋಲ್ ಅದನ್ನು ಬಿಚ್ಚಿ ಹೇಳಿದ್ದಾಳೆ. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸು ಕಾಲದಲ್ಲಿ ಅವಳು ಪಾಪನಿವೇದನೆಗೆಂದು ಚರ್ಚಿಗೆ ಹೋದಳು. ಪಾದ್ರಿ ಮರಿಯಮ್ಮನ ಬಲಿಪೀಠದ ಹಿಂದೆ ಕುಳಿತು ನಿವೇದನೆ ಕೇಳುತ್ತಿದ್ದ. ಅವಳು ಮಂಡಿಯೂರಿದಳು. ಅವನು ಮುತ್ತಿಟ್ಟು, ಜಗತ್ತಿನಲ್ಲಿ ನಿನ್ನಷ್ಟು ನಾನು ಪ್ರೀತಿಸುವ ಹೆಣ್ಣಿಲ್ಲ ಎಂದ. ಅವಳು ನಿವೇದನೆ ಮಾಡದೆ ಎದ್ದು ಬಂದಳು. ಆದರೆ ಮುಂದೆ ಅವರ ಸಂಬಂಧ ಬೆಳೆಯಿತು. ಒಂದು ರಾತ್ರಿ ಪಕ್ಕದ ಪ್ರಾದ್ ಊರಿನ ಸಂತ ಪೇತ್ರನ ಚರ್ಚಿನ ಒಳಗೇ ಅವನು ಹಾಸಿಗೆ ಹಾಸಿ ಅವಳನ್ನು ಕರೆಸಿಕೊಂಡ. ಸಂತ ಪೇತ್ರನ ಚರ್ಚಿನಲ್ಲಿ ಇಂಥ ಕೆಲಸ ಮಾಡುವುದೇ ಎಂದು ಅವಳು ಕೇಳಿದ್ದಕ್ಕೆ, ಅದರಿಂದ ಸಂತ ಪೇತ್ರನಿಗೇನು ಮಹಾ ನಷ್ಟ ಎಂಬರ್ಥದ ಉತ್ತರ ಬಂತು.

ಒಂದು ಚರ್ಚಿನಲ್ಲಿ ಹಾಸಿಗೆ ಹಾಸಿದವನು ಇನ್ನೊಂದು ಚರ್ಚಿನ ಬಲಿಪೀಠದ ಬುಡದಲ್ಲಿ ತಾಯಿಗೆ ಜಾಗ ಕೊಡಿಸಿದ. ಇದನ್ನು ಕಪಟ ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಸಾಲದು. ಅವನ ಕಣ್ಣಿಗೆ ಆ ಕಲ್ಲುಗಳಲ್ಲಿ ದೇವರಿರಲಿಲ್ಲ, ಆದರೆ ಊರು ಇತ್ತು. ಭಾನುವಾರ ಊರಿಗೆ ಊರೇ ಮುಖ ಮಾಡಿ ನಿಲ್ಲುವ ದಿಕ್ಕಿನಲ್ಲಿ ತನ್ನ ತಾಯಿ ಮಲಗಿರಬೇಕು. ತಂದೆಯ ಉಗುರು ಮನೆಯ ಭಾಗ್ಯವನ್ನು ಕಾಯಲಿ, ತಾಯಿಯ ಗೋರಿ ಮನೆಯ ಮರ್ಯಾದೆಯನ್ನು ಕಾಯಲಿ. ಚರ್ಚು ಯಾರದ್ದು ಎಂಬ ನಿಮ್ಮ ಪ್ರಶ್ನೆಗೆ ಕ್ಲೆರ್ಗ್ ಮನೆತನ ಕೊಟ್ಟ ಉತ್ತರ ಇದು: ಊರಿನ ಯಜಮಾನಿಕೆ ಯಾರದ್ದೋ ಅವರದ್ದು. ಲಾಬುರಾನ ಉತ್ತರಕ್ಕೂ ಇದಕ್ಕೂ ಎಷ್ಟು ಅಂತರವಿದೆ ನೋಡಿ. ಇಬ್ಬರೂ ಒಂದೇ ಸೀಮೆಯವರು, ಇಬ್ಬರ ಮನಸ್ಸಿನಲ್ಲೂ ಬಿಷಪನಿಗೆ ಜಾಗವಿಲ್ಲ.

ಹಾಗಾದರೆ ಬಿಷಪನ ಹಿಡಿತ ಎಲ್ಲಿತ್ತು? ಹಾಜರಿಯಲ್ಲಿ. ಪೋಪ್ ರೋಮ್‌ನಲ್ಲಿ ಕರೆದ 1215ರ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ತಮ್ಮ ಪ್ಯಾರಿಷ್ ಪಾದ್ರಿಯಲ್ಲಿ ಪಾಪನಿವೇದನೆ ಮಾಡಿ ಈಸ್ಟರ್‌ಗೆ ಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು. ಪಾಷಂಡಿಗಳ ಹಾವಳಿಯಿದ್ದ ದಕ್ಷಿಣಕ್ಕೆ ಇದು ಸಾಲದೆಂದು 1229ರ ತುಲೂಜ್ ಸಭೆ ವರ್ಷಕ್ಕೆ ಮೂರು ಸಲ ಎಂದಿತು. ಭಾನುವಾರ, ಹಬ್ಬದ ದಿನಗಳಂದು ಮನೆಯ ಯಜಮಾನ ಯಜಮಾನಿ ಸಕಾರಣವಿಲ್ಲದೆ ಪೂಜೆ ತಪ್ಪಿಸಿದರೆ 12 ದೆನಿಯೇ (ಸಣ್ಣ ನಾಣ್ಯ) ದಂಡ. ಗಂಡುಮಕ್ಕಳು 14 ವರ್ಷಕ್ಕೆ, ಹೆಣ್ಣುಮಕ್ಕಳು 12 ವರ್ಷಕ್ಕೆ ಪಾಷಂಡ ಮತವನ್ನು ತೊರೆಯುವ ಪ್ರಮಾಣ ಮಾಡಬೇಕು. ಪ್ರತಿ ಪ್ಯಾರಿಷ್‌ನಲ್ಲಿ ಒಬ್ಬ ಪಾದ್ರಿಯೂ ಇಬ್ಬರು ಮೂವರು ಗೃಹಸ್ಥರೂ ಪಾಷಂಡಿಗಳನ್ನು ಹುಡುಕಿ ದೂರು ಕೊಡಬೇಕು. ವಿಚಾರಣೆಗೆ ಕರೆ ಬಂದರೆ ಅದನ್ನು ಪೂಜೆಯ ನಡುವೆ ಓದಿ ಹೇಳುವವನೂ ಪಾದ್ರಿಯೇ. ಬರದಿದ್ದವನ ಗೈರುಹಾಜರಿ ಊರಿಗೆಲ್ಲ ಕಾಣುತ್ತಿತ್ತು. ಚರ್ಚು ಹೀಗೆ ಹಾಜರಿ ಪುಸ್ತಕವಾಯಿತು.

ಈ ವ್ಯವಸ್ಥೆಯೇ ಪಿಯೆರ್ ಕ್ಲೆರ್ಗ್‌ನ ಕೈಗೆ ಆಯುಧ ಕೊಟ್ಟಿತು. ಪಾಷಂಡಿಗಳನ್ನು ಹಿಡಿದುಕೊಡಬೇಕಾದವನು ತಾನೇ ಪಾಷಂಡಿ. ಆದ್ದರಿಂದ ಯಾರನ್ನು ಉಳಿಸಬೇಕು, ಯಾರನ್ನು ಮುಳುಗಿಸಬೇಕು ಎಂಬುದು ಅವನ ಇಚ್ಛೆ. 1308ರ ದಾಳಿಯ ನಂತರ ಅವನ ಕೃಪೆಯಿದ್ದವರು ಪಾರಾದರು, ಮೋರ್ಸ್ ಮನೆಯವರಂಥ ವಿರೋಧಿಗಳು ಸೆರೆಮನೆ ಕಂಡರು. ಕ್ಲೆರ್ಗ್ ಮನೆಯ ಗುಟ್ಟನ್ನು ಹೊರಗೆಡಹಲು ಹೋದ ಮೆಂಗಾರ್ದ್ ಮೋರ್ಸ್ ಎಂಬ ಹೆಂಗಸಿನ ನಾಲಿಗೆಯನ್ನೇ ಕತ್ತರಿಸಿದರು. ಅವಳ ಮಗ, ಕುರಿಗಾಹಿ ಗಿಯೋಮ್ ಮೋರ್ಸ್, ಪಾದ್ರಿಯನ್ನು ಕೊಲ್ಲುವ ಪಣ ತೊಟ್ಟು ವರ್ಷಗಟ್ಟಲೆ ಬೆಟ್ಟಗಳಲ್ಲಿ ಅಲೆದ. ಕೊನೆಗೆ ಆ ಕೆಲಸ ಮಾಡಿದ್ದು ಬಿಷಪನ ಸೆರೆಮನೆ. 1320ರಲ್ಲಿ ಫೂರ್ನಿಯೇ ಪಾದ್ರಿಯನ್ನು ಬಂಧಿಸಿದ, ಮುಂದಿನ ವರ್ಷ ಅವನು ಸೆರೆಯಲ್ಲೇ ಸತ್ತ. ಬೆರ್ನಾರ್ ಕೂಡ 1324ರಲ್ಲಿ ಅದೇ ದಾರಿ ಹಿಡಿದ.

ಊರಿನವರ ಶ್ರದ್ಧೆಯ ಬಗ್ಗೆ ಕೇಳಿದ್ದೀರಿ. ಮೊಂತಾಯುವಿನಲ್ಲಿ ಕಥಾರರನ್ನು ಒಂದು ಕಡೆ, ಕ್ಯಾಥೊಲಿಕರನ್ನು ಇನ್ನೊಂದು ಕಡೆ ನಿಲ್ಲಿಸಲು ಹೋದರೆ ನಡುವೆ ನಿಲ್ಲುವವರೇ ಹೆಚ್ಚು. ಬಿಯಾತ್ರಿಸ್‌ಳನ್ನೇ ನೋಡಿ. ಕಥಾರರ ಮಾತನ್ನು ಆಸೆಯಿಂದ ಕೇಳಿಸಿಕೊಂಡವಳು. ಹೆರಿಗೆಯಾದ ಮೇಲೆ ಮೊದಲ ಬಾರಿ ಚರ್ಚಿಗೆ ಹೋಗುವಾಗ ತಾನೇ ಕೈಯಾರೆ ಬಣ್ಣದ ಮೇಣದ ಬತ್ತಿ ಮಾಡಿ ಮರಿಯಮ್ಮನಿಗೆ ಒಪ್ಪಿಸಿದವಳೂ ಅವಳೇ. ಮಗು ಸುಸೂತ್ರವಾಗಿ ಹುಟ್ಟಿದ್ದಕ್ಕೆ ಯಾರಿಗಾದರೂ ಕೃತಜ್ಞತೆ ಹೇಳಬೇಕಲ್ಲ, ಸಜ್ಜನರ ಬೋಧನೆಯಲ್ಲಿ ಹೆರಿಗೆಗೆ ಜಾಗವೇ ಇರಲಿಲ್ಲ. 1321ರ ಮಾರ್ಚ್ 8ರಂದು ಅವಳಿಗೆ ಸೆರೆವಾಸವಾಯಿತು. 1322ರ ಜುಲೈ 4ರಂದು ಬಿಡುಗಡೆಯಾದಾಗ, ಬಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಳದಿ ಶಿಲುಬೆ ಹೊಲಿದುಕೊಂಡು ತಿರುಗಬೇಕೆಂಬ ಶಿಕ್ಷೆ ಉಳಿಯಿತು.

ಯಾವ ಪಂಥಕ್ಕೂ ಸೇರದ ಸಂಶಯವೂ ಇತ್ತು. ಅದೇ ಧರ್ಮಪ್ರಾಂತ್ಯದ ಮೆರ್ವಿಯೆಲ್ ಊರಿನ ಓದ್ ಫೋರೇ ಎಂಬ ಗೃಹಿಣಿಯ ಪ್ರಕರಣವನ್ನು ನಾನು ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ. ಒಬ್ಬ ಹೆಂಗಸು ಮನೆ ತಲುಪಲಾಗದೆ ದಾರಿಯಲ್ಲೇ ಹೆತ್ತಳೆಂಬ ಸುದ್ದಿ ಅವಳ ಕಿವಿಗೆ ಬಿತ್ತು. ಅಂದಿನಿಂದ ಪೂಜೆಯಲ್ಲಿ, ಕ್ರಿಸ್ತನ ದೇಹವೇ ಎಂದು ಚರ್ಚು ಬೋಧಿಸುವ ರೊಟ್ಟಿಯನ್ನು ಪಾದ್ರಿ ಮೇಲೆತ್ತಿದಾಗಲೆಲ್ಲ ಅವಳಿಗೆ ಹೆರಿಗೆಯ ಹೊಲಸು ಕಣ್ಮುಂದೆ ಬರುತ್ತಿತ್ತು. ಕ್ರಿಸ್ತನ ದೇಹವೂ ಹಾಗೆಯೇ ಹುಟ್ಟಿದ್ದಲ್ಲವೇ ಎಂಬ ಯೋಚನೆಯಿಂದ ಪ್ರಾರ್ಥನೆ ನಿಂತುಹೋಗುತ್ತಿತ್ತು. ಅವಳಿಗೆ ಯಾವ ಸಜ್ಜನನೂ ಬೋಧಿಸಿರಲಿಲ್ಲ. ನಂಬಲು ಆಗುತ್ತಿಲ್ಲವಲ್ಲ ಎಂದು ಗಂಡನ ಮುಂದೆ, ನೆಂಟರ ಮುಂದೆ ಅವಳೇ ಅತ್ತು ಗೋಳಾಡಿದಳು. ಫೂರ್ನಿಯೇ ಅವಳ ಕಷ್ಟವನ್ನು ಅರ್ಥಮಾಡಿಕೊಂಡ, ಸೆರೆಮನೆಗೆ ಕಳಿಸದೆ ಉಪವಾಸ, ತೀರ್ಥಯಾತ್ರೆಗಳ ಪ್ರಾಯಶ್ಚಿತ್ತ ವಿಧಿಸಿದ. ಮಧ್ಯಯುಗದ ಹಳ್ಳಿಗರೆಂದರೆ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುವವರು ಎನ್ನುವವರಿಗೆ ನಾನು ಮೊದಲು ತೋರಿಸುವುದು ಇವಳನ್ನು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇದೆಲ್ಲ ನಮಗೆ ಸಿಕ್ಕಿರುವುದು ಭಯದ ಬಾಯಿಂದ. ಪ್ರಶ್ನೆ ಕೇಳುವವನ ಕೈಯಲ್ಲಿ ಬೀಗದ ಕೈಯಿತ್ತು. ಫೂರ್ನಿಯೇ ಹಿಂಸೆಗಿಂತ ತಾಳ್ಮೆಯನ್ನೇ ನೆಚ್ಚಿದ್ದನೆಂಬುದು ನಿಜ. ಆದರೆ ಮೊಂತಾಯುವಿನ ಗಿಯೋಮ್ ಫೋರ್ ಅವನ ತೀರ್ಪಿನಿಂದಲೇ ಬೆಂಕಿಗೆ ಹೋದ. ಜನ ತಮ್ಮನ್ನು ಉಳಿಸಿಕೊಳ್ಳಲು ಸತ್ತವರ ತಲೆಗೆ ತಪ್ಪು ಕಟ್ಟುತ್ತಿದ್ದರು, ಏಕೆಂದರೆ ಸತ್ತವನಿಗೆ ಸೆರೆಯಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು: ಪಿಯೆರ್ ಕ್ಲೆರ್ಗ್‌ನ ಸ್ವಂತ ಹೇಳಿಕೆ ಆ ದಾಖಲೆಯಲ್ಲಿ ಇಲ್ಲ. ಅವನ ಬಗ್ಗೆ ನಾನು ಮೇಲೆ ಬರೆದದ್ದೆಲ್ಲ ಅವನನ್ನು ಪ್ರೀತಿಸಿದವರ, ದ್ವೇಷಿಸಿದವರ, ಅವನಿಂದ ನೊಂದವರ ಮಾತು. ಇದಕ್ಕಾಗಿ ದಾಖಲೆಯನ್ನು ತಳ್ಳಿಹಾಕಬೇಕಿಲ್ಲ. ಆರೋಪಕ್ಕೆ ಸಂಬಂಧವೇ ಇಲ್ಲದೆ ಬಾಯಿಗೆ ಬಂದ ಸಂಗತಿಗಳು, ಅಂದರೆ ಬಣ್ಣದ ಬತ್ತಿ, ಅಡುಗೆಮನೆಯ ಹೆಣ, ಬಲಿಪೀಠದ ಬಳಿಯ ಗೋರಿ, ಇವನ್ನು ಸೃಷ್ಟಿಸಿ ಹೇಳುವುದರಿಂದ ಯಾರಿಗೂ ಲಾಭವಿರಲಿಲ್ಲ. ಅಂಥವನ್ನೇ ನಾನು ಹೆಚ್ಚು ನಂಬುತ್ತೇನೆ.

ಆ ಬಳಿಕ ಊರು ಬೇಗ ಕುಗ್ಗಿತು. ವಿಚಾರಣೆ, ಸೆರೆ, ವಲಸೆ, ಆಮೇಲೆ 1348ರ ಮಹಾ ಪ್ಲೇಗು. 1390ರ ಎಣಿಕೆಯಲ್ಲಿ ಮೊಂತಾಯುವಿನಲ್ಲಿದ್ದುದು 23 ಒಲೆಗಳು, ಅಂದರೆ ಸುಮಾರು 100 ಜನ. ಇಂದು ಅಲ್ಲಿ ಬೆರಳೆಣಿಕೆಯ ಕುಟುಂಬಗಳಿವೆ.

ಬೇರೆ ಹಳ್ಳಿಗಳ ಬಗ್ಗೆಯೂ ತಿಳಿಯಬೇಕೆಂದರೆ ಫೂರ್ನಿಯೇಯ ದಾಖಲೆಯಂಥದ್ದು ಇನ್ನೊಂದು ಸಿಗದು, ಆದರೆ ಕೈ ಖಾಲಿಯೇನೂ ಅಲ್ಲ. ಪ್ಯಾರಿಸ್ಸಿನ ಸೇಂ ಜೆರ್ಮೇಂ ದೆ ಪ್ರೇ ಮಠದವರು 9ನೇ ಶತಮಾನದ ಮೊದಲ ಭಾಗದಲ್ಲಿ ಬರೆಸಿದ ಆಸ್ತಿಪಟ್ಟಿಯಲ್ಲಿ ಪಾಲೆಸೋ ಮುಂತಾದ ಹಳ್ಳಿಗಳ ಚರ್ಚುಗಳು, ಅವಕ್ಕೆ ಸೇರಿದ ಹೊಲಗಳು, ಒಕ್ಕಲು ಕುಟುಂಬಗಳ ಹೆಂಡತಿ ಮಕ್ಕಳ ಹೆಸರುಗಳವರೆಗೆ ವಿವರ ಇದೆ. ಉತ್ತರದ ನಾರ್ಮಂಡಿಯಲ್ಲಿ ರುವಾಂ ಆರ್ಚ್‌ಬಿಷಪ್ ಯೂದ್ ರಿಗೋ 1248ರಿಂದ 1269ರವರೆಗೆ ತನ್ನ ಪ್ರಾಂತ್ಯವನ್ನು ಸುತ್ತುತ್ತ ದಿನಚರಿ ಬರೆಸಿದ. ಯಾವ ಹಳ್ಳಿಯ ಪಾದ್ರಿ ಕುಡಿಯುತ್ತಾನೆ, ಯಾರು ದಾಳ ಆಡುತ್ತಾನೆ, ಯಾರು ಹೆಣ್ಣನ್ನು ಇಟ್ಟುಕೊಂಡಿದ್ದಾನೆ, ಯಾರಿಗೆ ಲ್ಯಾಟಿನ್ ವಾಕ್ಯ ಬಿಡಿಸಿ ಅರ್ಥ ಹೇಳಲು ಬರುವುದಿಲ್ಲ ಎಂಬುದೆಲ್ಲ ಅದರಲ್ಲಿದೆ. ಅದನ್ನು ಓದುವಾಗ ಒಂದನ್ನು ನೆನಪಿಡಿ: ಅದು ಮೇಲಧಿಕಾರಿಯ ತಪಾಸಣೆ, ಪಾದ್ರಿಯ ತಪ್ಪುಗಳ ಪಟ್ಟಿ. ಚರ್ಚಿನಲ್ಲಿ ನಿಂತ ಜನರ ದನಿ ಬೇಕಿದ್ದರೆ ಫೂರ್ನಿಯೇಯ ಹಾಳೆಗಳಿಗೇ ಬರಬೇಕು. ಲ್ಯಾಟಿನ್ ಮೂಲ 1965ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಗಿದೆ. ಫ್ರೆಂಚ್ ಅನುವಾದವೂ, ಇಂಗ್ಲಿಷಿನಲ್ಲಿ ಬಿಡಿ ಪ್ರಕರಣಗಳೂ ಸಿಗುತ್ತವೆ. ಮೊದಲು ಬಿಯಾತ್ರಿಸ್‌ಳ ಹೇಳಿಕೆ ಓದಿ, ಆಮೇಲೆ ಓದ್ ಫೋರೇಯದು, ಆಮೇಲೆ ಲಾಬುರಾನದು.